ನ್ಯಾನೋ ವಸ್ತುಗಳ ಬಲ: ಖರೀದಿಗೆ ಮುನ್ನ ಅರಿಯಬೇಕಾದದ್ದು

ಬಣ್ಣ, ರಬ್ಬರ್, ಪ್ಲಾಸ್ಟಿಕ್ ಮುಂತಾದ ಸರಕುಗಳ ಮೇಲೆ ‘ನ್ಯಾನೋ’ ಎಂಬ ಪದ ಇಂದು ಸಾಮಾನ್ಯವಾಗಿದೆ. ಉಕ್ಕಿಗಿಂತ ಬಲವಾದ ಪುಡಿಯನ್ನು ಚಿಟಿಕೆಯಷ್ಟು ಬೆರೆಸಿದರೆ ಸಾಕೆಂಬ ಮಾತನ್ನು ನಂಬಿ ಹಣ ಹೂಡುವ ಮುನ್ನ, ಆ ಬಲ ಎಲ್ಲಿಂದ ಬರುತ್ತದೆ, ಸಿದ್ಧ ಸರಕಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಉದ್ದಿಮೆದಾರರು ಅರಿಯುವುದು ಅಗತ್ಯ.

ರಚನೆ

ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಉದ್ದ, ಅಗಲ, ದಪ್ಪ ಮೂರೂ ಈ ಅಳತೆಯಲ್ಲಿದ್ದರೆ ಅದು ಶೂನ್ಯ ಆಯಾಮದ ಕಣ. ನ್ಯಾನೋ ವಜ್ರ ಇದಕ್ಕೆ ಉದಾಹರಣೆ. ಉದ್ದವೊಂದೇ ಹೆಚ್ಚಿದ್ದರೆ ಏಕ ಆಯಾಮ. ಇಂಗಾಲದ ನ್ಯಾನೋ ಕೊಳವೆ ಈ ಬಗೆಯದು. ದಪ್ಪ ಮಾತ್ರ ಸೂಕ್ಷ್ಮವಾಗಿದ್ದರೆ ದ್ವಿ ಆಯಾಮದ ಹಾಳೆ, ಇದೇ ಗ್ರಾಫೀನ್. ಪೆನ್ಸಿಲ್ಲಿನ ಗ್ರಾಫೈಟ್ ಇಂಥ ಹಾಳೆಗಳ ಕಟ್ಟು. ಹಾಳೆಯೊಳಗೆ ಪರಮಾಣುಗಳ ಬೆಸುಗೆ ಅತಿ ಬಿಗಿ. ಹಾಳೆಗಳ ನಡುವಿನ ಹಿಡಿತ ದುರ್ಬಲ. ಹಾಳೆಗಳು ಹೆಚ್ಚಿದಂತೆ ಅವು ಒಂದರ ಮೇಲೊಂದು ಜಾರುವುದೂ ಹೆಚ್ಚುತ್ತದೆ.

ಬಲ

2008ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಅಳತೆಯಂತೆ ಗ್ರಾಫೀನ್‌ನ ಬಿಗಿತ ಸುಮಾರು 1,000 ಗಿಗಾಪ್ಯಾಸ್ಕಲ್, ಅಂದರೆ ಉಕ್ಕಿನ ಐದು ಪಟ್ಟು. ಆದರೆ ಪರೀಕ್ಷಿಸಿದ್ದು ಕೂದಲಿನ ದಪ್ಪಕ್ಕಿಂತ ಕಿರಿದಾದ, ದೋಷವಿಲ್ಲದ ಒಂಟಿ ಹಾಳೆಯನ್ನು. ಪುಡಿಯಾಗಿ ಬೆರೆಸಿದಾಗ ಕಣಗಳು ಗಂಟುಕಟ್ಟಿದರೆ, ಪ್ಲಾಸ್ಟಿಕ್ಕಿಗೆ ಸರಿಯಾಗಿ ಅಂಟದಿದ್ದರೆ, ಭಾರವು ಕಣಗಳಿಗೆ ತಲುಪುವುದೇ ಇಲ್ಲ.

ಬೆರಕೆಯ ಮಹತ್ವವನ್ನು ಬೆಂಗಳೂರಿನ ಸಂಶೋಧನೆಯೊಂದು ತೋರಿಸಿದೆ. ಪ್ರೊ. ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪಾಲಿವಿನೈಲ್ ಆಲ್ಕೋಹಾಲ್‌ಗೆ ಮೇಲೆ ಹೇಳಿದ ಮೂರು ಬಗೆಯ ವಸ್ತುಗಳನ್ನು ಎರಡೆರಡಾಗಿ ಸೇರಿಸಿದರು. ಒಂದನ್ನೇ ಸೇರಿಸಿದಾಗಿನದಕ್ಕಿಂತ ಬಿಗಿತ ಮತ್ತು ಗಡಸುತನ ಶೇ. 400ರವರೆಗೆ ಸುಧಾರಿಸಿದವು. ಯಾವುದನ್ನು ಯಾವುದರೊಡನೆ ಬೆರೆಸಲಾಯಿತು ಎಂಬುದು ಫಲಿತಾಂಶವನ್ನು ಬದಲಿಸಿತು.

ಮಾರುಕಟ್ಟೆ ಮತ್ತು ಲೆಕ್ಕ

ಅಂತರರಾಷ್ಟ್ರೀಯ ಮಾನಕದ ಪ್ರಕಾರ ಹತ್ತು ಪದರಗಳವರೆಗಿನದಷ್ಟೇ ದ್ವಿ ಆಯಾಮದ ವಸ್ತು. 2018ರಲ್ಲಿ ಸಿಂಗಪುರದ ಸಂಶೋಧಕರು ಜಗತ್ತಿನ 60 ಉತ್ಪಾದಕರ ಗ್ರಾಫೀನ್ ಮಾದರಿಗಳನ್ನು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ನಿಜವಾದ ಗ್ರಾಫೀನ್ ಶೇ. 10ಕ್ಕಿಂತ ಕಡಿಮೆಯಿತ್ತು. ಉಳಿದದ್ದು ಬಹುಪಾಲು ಗ್ರಾಫೈಟ್.

ನಿರ್ಣಾದಲ್ಲಿಯೋ ಹುಮನಾಬಾದಿನಲ್ಲಿಯೋ ಪೈಪು ತಯಾರಿಸುವ ಘಟಕವೊಂದನ್ನು ಊಹಿಸೋಣ. ಪ್ಲಾಸ್ಟಿಕ್ ಕಿಲೋಗೆ 100 ರೂ., ನ್ಯಾನೋ ಪುಡಿ ಕಿಲೋಗೆ 10,000 ರೂ. ಎಂದಿಟ್ಟುಕೊಂಡರೆ, ಕೇವಲ ಶೇ. 0.5ರಷ್ಟು ಬೆರೆಸಿದರೂ ಮಿಶ್ರಣದ ವೆಚ್ಚ 149.50 ರೂ. ಆಗುತ್ತದೆ. ಪೈಪಿನ ಕಚ್ಚಾ ಮಾಲಿನ ವೆಚ್ಚ ಮೊದಲಿನಷ್ಟೇ ಉಳಿಯಬೇಕಾದರೆ ಅದರ ತೂಕ ಮೂರನೆಯ ಒಂದು ಭಾಗದಷ್ಟು ಇಳಿಯಬೇಕು. ಇಲ್ಲವೇ ಗ್ರಾಹಕನು ಹೆಚ್ಚಿನ ಬೆಲೆ ಕೊಡಲು ಸಿದ್ಧನಿರಬೇಕು. ಎರಡೂ ಸಾಧ್ಯವಿಲ್ಲದಿದ್ದರೆ ನಷ್ಟ ಖಚಿತ.

ಆದ್ದರಿಂದ ಪದರಗಳ ಸಂಖ್ಯೆ ಹಾಗೂ ಶುದ್ಧತೆಯ ವರದಿಯನ್ನು ಪೂರೈಕೆದಾರರಿಂದ ಲಿಖಿತವಾಗಿ ಪಡೆಯಬೇಕು. ಸ್ವಲ್ಪ ಮಾಲಿನಿಂದ ಪುಡಿ ಬೆರೆಸಿದ ಹಾಗೂ ಬೆರೆಸದ ಮಾದರಿಗಳೆರಡನ್ನೂ ತಯಾರಿಸಿ, ಹೈದರಾಬಾದ್ ಅಥವಾ ಮೈಸೂರಿನ ಸಿಪೆಟ್‌ನಂಥ ಸಂಸ್ಥೆಯಲ್ಲಿ ಪರೀಕ್ಷಿಸಿದ ನಂತರವೇ ದೊಡ್ಡ ಪ್ರಮಾಣದ ಖರೀದಿಗೆ ಮುಂದಾಗುವುದು ಸೂಕ್ತ.