ಹಕ್ಕುಪತ್ರವಿಲ್ಲದ ಯಂತ್ರ: ಕೂರಿಗೆಯ ಚರಿತ್ರೆ ಮತ್ತು ಅದರ ಪದಸಾಕ್ಷ್ಯ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪೇಟೆಂಟ್ ದಾಖಲೆಗಳಿಂದ ಆರಂಭಿಸುತ್ತಾರೆ. ಅಲ್ಲಿ ಶೋಧಕನ ಹೆಸರು, ಶೋಧದ ದಿನಾಂಕ, ಯಂತ್ರದ ವಿವರಣೆ ಮತ್ತು ನಕ್ಷೆ ಒಂದೆಡೆ ಸಿಗುತ್ತವೆ. ಈ ಮಾರ್ಗವನ್ನೇ ಹಿಡಿದರೆ ದಖ್ಖನಿನ ಬೇಸಾಯಕ್ಕೆ ಯಂತ್ರಗಳ ಚರಿತ್ರೆಯೇ ಇಲ್ಲವೆಂಬ ತಪ್ಪು ನಿರ್ಣಯಕ್ಕೆ ಬರಬೇಕಾಗುತ್ತದೆ. ಏಕೆಂದರೆ ಇಲ್ಲಿನ ಅತ್ಯಂತ ಮುಖ್ಯ ಬೇಸಾಯಯಂತ್ರವಾದ ಕೂರಿಗೆಗೆ ಶೋಧಕನೂ ಇಲ್ಲ, ದಿನಾಂಕವೂ ಇಲ್ಲ. ಅದರ ದಾಖಲೆ ಉಳಿದಿರುವುದು ಮುಖ್ಯವಾಗಿ ಭಾಷೆಯಲ್ಲಿ. ಆ ದಾಖಲೆಯ ಸ್ವರೂಪವನ್ನೂ, ಅದನ್ನು ಈಗ ಸಂಗ್ರಹಿಸಬೇಕಾದ ಅಗತ್ಯವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರಚನೆ ಮತ್ತು ಕಾರ್ಯ

ಕರ್ನಾಟಕದ ಹೊರಗಿನ ಓದುಗರಿಗಾಗಿ ಮೊದಲು ಸಾಧನವನ್ನು ಪರಿಚಯಿಸಬೇಕು. ಕೂರಿಗೆ ಎಂದರೆ ಎತ್ತುಗಳು ಎಳೆಯುವ, ಏಕಕಾಲಕ್ಕೆ ಹಲವು ಸಾಲುಗಳಲ್ಲಿ ಬೀಜ ಬಿತ್ತುವ ಮರದ ಸಾಧನ. ಅಡ್ಡಲಾಗಿರುವ ದಪ್ಪ ಮರವು ದಿಂಡು. ಅದಕ್ಕೆ ಕೆಳಮುಖವಾಗಿ ಜೋಡಿಸಿದ ಮೊನೆಗಳು ತಾಳುಗಳು. ದಿಂಡನ್ನು ನೊಗಕ್ಕೆ ಸೇರಿಸುವ ಉದ್ದನೆಯ ಮರ ಈಸು. ಪ್ರತಿಯೊಂದು ತಾಳಿಗೂ ರಂಧ್ರವಿದ್ದು, ಅಲ್ಲಿಂದ ಹೊರಟ ಬಿದಿರಿನ ಕೊಳವೆಗಳೆಲ್ಲವೂ ಮೇಲ್ಗಡೆ ಒಂದು ಮರದ ಬಟ್ಟಲಿನಲ್ಲಿ ಕೂಡುತ್ತವೆ. ಬಟ್ಟಲಿಗೆ ಹಿಡಿಯಿಂದ ಬಿಡುವ ಕಾಳು ಕೊಳವೆಗಳಿಗೆ ಸಮನಾಗಿ ಹಂಚಿಹೋಗಿ, ತಾಳು ಸೀಳಿದ ಗೆರೆಯೊಳಗೆ ಬೀಳುತ್ತದೆ. ಎರೆಭೂಮಿಯ ಜೋಳದ ಕೂರಿಗೆಗೆ ಮೂರು ಅಥವಾ ನಾಲ್ಕು ತಾಳುಗಳಿದ್ದರೆ, ಹಳೆಯ ಮೈಸೂರು ಸೀಮೆಯ ರಾಗಿ ಕೂರಿಗೆಯಲ್ಲಿ ಹನ್ನೆರಡರವರೆಗೂ ಉಂಟು. ಅವರೆ, ತೊಗರಿ ಮೊದಲಾದ ಅಕ್ಕಡಿ ಬೆಳೆಗಾಗಿ ಹಿಂದೆ ಹಗ್ಗದಿಂದ ಕಟ್ಟಿ ಎಳೆಯುವ ಬೇರೊಂದು ಬಿದಿರ ಕೊಳವೆಯನ್ನು ಬಳಸುತ್ತಾರೆ.

ಈ ರಚನೆಯ ಹಿಂದಿರುವ ವಿವೇಚನೆ ಗಮನಾರ್ಹವಾದುದು. ಮಳೆಯಾಶ್ರಿತ ಹೊಲದಲ್ಲಿ ಮೇಲ್ಮಣ್ಣು ಬೇಗ ಒಣಗುತ್ತದೆ. ಬೀಜವನ್ನು ಚೆಲ್ಲಿದರೆ ಮೊಳಕೆ ಹುಸಿಯಾಗುವ ಸಂಭವ ಹೆಚ್ಚು. ಕೂರಿಗೆ ಅದನ್ನು ಹಸಿ ಇರುವ ಆಳಕ್ಕೆ ಇಳಿಸುತ್ತದೆ. ಈಸು ಮತ್ತು ನೊಗದ ಕಟ್ಟನ್ನು ಹಿಂದೆಮುಂದೆ ಸರಿಸಿ ಆಳವನ್ನು ಹೊಂದಿಸಿಕೊಳ್ಳಬಹುದು. ಸಾಲುಗಳ ನಡುವೆ ಸಮಾನ ಅಂತರ ಉಳಿಯುವುದರಿಂದ, ಪೈರು ಎದ್ದ ಮೇಲೆ ಅದೇ ಅಂತರಕ್ಕೆ ಹೊಂದುವ ಎಡೆಕುಂಟೆಯಿಂದ ಕಳೆ ತೆಗೆಯುವುದು ಸಾಧ್ಯವಾಗುತ್ತದೆ. ಆದುದರಿಂದ ಕೂರಿಗೆಯನ್ನು ಬಿಡಿ ಸಾಧನವೆಂದು ನೋಡುವುದಕ್ಕಿಂತ, ಕುಂಟೆ ಮತ್ತು ಎಡೆಕುಂಟೆಗಳೊಡನೆ ಅಳತೆ ಹೊಂದಿಸಿಕೊಂಡ ಒಂದು ವ್ಯವಸ್ಥೆಯ ಭಾಗವೆಂದು ನೋಡುವುದು ಯುಕ್ತ. ಬೀಜದ ಪ್ರಮಾಣವನ್ನು ಮಾತ್ರ ಯಂತ್ರ ನಿರ್ಧರಿಸದು; ಅದು ಬಿತ್ತುವ ಕೈಗೆ ಸೇರಿದ್ದು. ಅನೇಕ ಕಡೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುವವರು ಹೆಂಗಸರು.

2. ಪರದೇಶೀಯರ ಬರಹದಲ್ಲಿ ಕೂರಿಗೆ

ಯುರೋಪಿನಲ್ಲಿ ಸಾಲುಬಿತ್ತನೆಯ ಯಂತ್ರವೆಂದೊಡನೆ ಜೆಥ್ರೊ ಟಲ್‌ನ ಹೆಸರೂ 1701ರ ವರ್ಷವೂ ನೆನಪಿಗೆ ಬರುತ್ತವೆ. 1782ರಲ್ಲಿ ಜೇಮ್ಸ್ ಕುಕ್ ಎಂಬ ಪಾದ್ರಿ ಇಂಗ್ಲೆಂಡಿನಲ್ಲಿ ತನ್ನ ಬಿತ್ತನೆಯಂತ್ರಕ್ಕೆ ಪೇಟೆಂಟ್ ಪಡೆದನು. ಇದಾದ ಕೆಲವೇ ವರ್ಷಗಳಲ್ಲಿ, ಈಗಿನ ಆಂಧ್ರಪ್ರದೇಶಕ್ಕೆ ಸೇರಿದ ಸೀಮೆಯೊಂದರಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಕಂಪನಿಯ ಅಧಿಕಾರಿ, ಇಂಥ ಯಂತ್ರ ಯುರೋಪಿನ ಹೊಸ ಶೋಧವೆಂಬ ತನ್ನ ನಂಬಿಕೆ ಹೊಲದಲ್ಲಿ ಸುಳ್ಳಾದುದನ್ನು ಪತ್ರಗಳಲ್ಲಿ ತಿಳಿಸಿದನು. ಈ ಬರಹ 1797ರಲ್ಲಿ ಪ್ರಕಟವಾಯಿತು. 1971ರಲ್ಲಿ ಧರ್ಮಪಾಲರು ಹದಿನೆಂಟನೆಯ ಶತಮಾನದ ಭಾರತೀಯ ವಿಜ್ಞಾನ ತಂತ್ರಜ್ಞಾನಗಳನ್ನು ಕುರಿತ ತಮ್ಮ ಸಂಕಲನದಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದರು.

ಕನ್ನಡ ನಾಡಿಗೆ ಸಂಬಂಧಿಸಿದಂತೆ ಫ್ರಾನ್ಸಿಸ್ ಬುಕಾನನ್ನನ ವರದಿ ಇನ್ನೂ ಮುಖ್ಯ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಆತ 1807ರಲ್ಲಿ ಪ್ರಕಟವಾದ ಮೂರು ಸಂಪುಟಗಳಲ್ಲಿ ಕೂರಿಗೆಯನ್ನು ಕನ್ನಡದ ಹೆಸರಿನಿಂದಲೇ ಕರೆದು, ಬೇಸಾಯದ ಉಪಕರಣಗಳ ಚಿತ್ರಗಳನ್ನೂ ಕೊಟ್ಟಿದ್ದಾನೆ. ಇಷ್ಟರಿಂದ ಕೂರಿಗೆ ನಮ್ಮಲ್ಲಿಯೇ ಮೊದಲು ಹುಟ್ಟಿತೆಂದು ಸಾಧಿಸಲು ಹೊರಡುವುದು ಉಚಿತವಲ್ಲ. ಬಹುಕೊಳವೆಯ ಬಿತ್ತನೆಯ ಸಾಧನ ಪ್ರಾಚೀನ ಚೀನಾದಲ್ಲಿಯೂ ಇತ್ತು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಇಂಗ್ಲೆಂಡಿನಲ್ಲಿ ಒಬ್ಬ ವ್ಯಕ್ತಿಯ ಸ್ವತ್ತಾಗಿ ದಾಖಲಾದ ಕಲ್ಪನೆ, ಅದೇ ಕಾಲದಲ್ಲಿ ದಖ್ಖನಿನ ಹಳ್ಳಿಗಳಲ್ಲಿ ಬಡಗಿಯೂ ಒಕ್ಕಲಿಗನೂ ಕೂಡಿ ಕಾಪಾಡಿಕೊಂಡ ಸಾಮಾನ್ಯ ವಿದ್ಯೆಯಾಗಿತ್ತು.

3. ಕಾನೂನಿನ ಕಣ್ಣು

ಬ್ರಿಟಿಷ್ ಭಾರತದ ಮೊದಲ ಪೇಟೆಂಟ್ ಶಾಸನ 1856ರದು. ಅದರಡಿಯಲ್ಲಿ ಬಂದ ಮೊದಲ ಅರ್ಜಿ ಕಲ್ಕತ್ತದ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಸಲ್ಲಿಸಿದ್ದು, ಪಂಖಾ ಎಳೆಯುವ ಯಂತ್ರಕ್ಕೆ. ರಾಣಿಯ ಪೂರ್ವಾನುಮತಿ ಇಲ್ಲದುದರಿಂದ ಆ ಶಾಸನ 1857ರಲ್ಲಿ ರದ್ದಾಗಿ, 1859ರಲ್ಲಿ ಹೊಸ ರೂಪದಲ್ಲಿ ಬಂದಿತು. ಮುಂದೆ 1888 ಮತ್ತು 1911ರ ಶಾಸನಗಳು ಬಂದವು. ಈ ಎಲ್ಲ ಶಾಸನಗಳಿಗೂ ನವೀನತೆಯೇ ತಳಹದಿ. ಮೊದಲೇ ಜನಬಳಕೆಯಲ್ಲಿದ್ದುದಕ್ಕೆ ಏಕಸ್ವಾಮ್ಯವಿಲ್ಲ. ಈ ತತ್ತ್ವ ನ್ಯಾಯವಾದುದೇ. ಆದರೆ ಅದರ ಪರಿಣಾಮವಾಗಿ, ತಲೆಮಾರುಗಳಿಂದ ಪರಿಷ್ಕಾರಗೊಂಡ ಸಾಧನಗಳು ದಾಖಲೆಯ ಹೊರಗೇ ಉಳಿದವು.

ಸಾಹಿತ್ಯವೂ ಈ ಕೊರತೆಯನ್ನು ಪೂರ್ಣವಾಗಿ ತುಂಬಲಿಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ಲೋಕೋಪಕಾರದಲ್ಲಿ ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಅಡುಗೆ, ಪಶುವೈದ್ಯ ಮೊದಲಾದ ವಿಷಯಗಳಿವೆ. ಉಳುವ ಬಿತ್ತುವ ಸಾಧನಗಳ ರಚನೆಗೆ ಪ್ರತ್ಯೇಕ ಅಧ್ಯಾಯವಿಲ್ಲ. ಈ ಗ್ರಂಥದ ಇಂಗ್ಲಿಷ್ ಅನುವಾದ 2006ರಲ್ಲಿ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ನಿನಿಂದ ಪ್ರಕಟವಾಗಿರುವುದರಿಂದ, ಕನ್ನಡ ಬಾರದ ಸಂಶೋಧಕರೂ ಇದನ್ನು ಪರಿಶೀಲಿಸಬಹುದು.

4. ಪದವೇ ದಾಖಲೆ

ಹೀಗಿರುವಾಗ ಕೂರಿಗೆಯ ಚರಿತ್ರೆಯನ್ನು ಎಲ್ಲಿ ಹುಡುಕಬೇಕು? ನುಡಿಯಲ್ಲಿ. ಮೊದಲನೆಯದಾಗಿ, ಉತ್ತರ ಕರ್ನಾಟಕದಲ್ಲಿ ಕೂರಿಗೆ ಎಂಬುದು ಸಾಧನದ ಹೆಸರಷ್ಟೇ ಅಲ್ಲ, ಭೂಮಿಯ ಅಳತೆಯೂ ಹೌದು. ಒಂದು ಕೂರಿಗೆ ಹೊಲವೆಂದರೆ ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲ. ಶಾಸನಗಳಲ್ಲಿ ಬರುವ ಖಂಡುಗ ಎಂಬ ಮಾನ ಬಿತ್ತಲು ಬೇಕಾದ ಬೀಜದ ಮೊತ್ತದಿಂದ ನೆಲವನ್ನು ಅಳೆದರೆ, ಕೂರಿಗೆ ಎಂಬ ಮಾನ ಯಂತ್ರದ ದುಡಿಮೆಯಿಂದ ಅಳೆಯುತ್ತದೆ. ಸಾಧನವೊಂದು ಅಳತೆಯಾಗಿ ನಿಲ್ಲಬೇಕಾದರೆ ಅದರ ರಚನೆ ಆ ಸೀಮೆಯಲ್ಲಿ ಸಾಕಷ್ಟು ಏಕರೂಪಕ್ಕೆ ಬಂದಿರಬೇಕು. ಪೇಟೆಂಟಿನ ನಕ್ಷೆ ಹೇಳುವ ಸಂಗತಿಯನ್ನು ಇಲ್ಲಿ ಪದದ ಅರ್ಥವಿಸ್ತಾರ ಹೇಳುತ್ತಿದೆ.

ಎರಡನೆಯದಾಗಿ, ನೆರೆಭಾಷೆಗಳ ಸಾಕ್ಷ್ಯ. ಇದೇ ಸಾಧನಕ್ಕೆ ತೆಲುಗಿನಲ್ಲಿ ಗೊರ್ರು, ಮರಾಠಿಯಲ್ಲಿ ಪಾಭರ ಎಂದೂ, ಮೂರು ತಾಳಿನದಕ್ಕೆ ತಿಫಣ ಎಂದೂ ಹೆಸರು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಈ ಮೂರು ಭಾಷೆಗಳ ಒಕ್ಕಲುತನ ಒಂದೇ ಆಡಳಿತದೊಳಗೆ ಬೆರೆತಿತ್ತು. ಸಾಧನ ಒಂದೇ ಆದರೂ ಹೆಸರುಗಳು ಬೇರೆಯಾಗಿರುವುದನ್ನು ನೋಡಿದರೆ, ಇದು ಒಂದು ಭಾಷೆಯಿಂದ ಮತ್ತೊಂದಕ್ಕೆ ಇತ್ತೀಚೆಗೆ ಹೋದ ಸರಕಲ್ಲವೆಂದು ಭಾವಿಸಲು ಅವಕಾಶವಿದೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಜಿಲ್ಲೆಜಿಲ್ಲೆಯ ರೈತರಿಂದ ಪದಗಳನ್ನು ಸಂಗ್ರಹಿಸಿ ಸಿದ್ಧಪಡಿಸಿದ ಮಾಂಡಲಿಕ ವೃತ್ತಿಪದಕೋಶದ ವ್ಯವಸಾಯ ಸಂಪುಟ 1962ರಲ್ಲೇ ಹೈದರಾಬಾದಿನಿಂದ ಪ್ರಕಟವಾಯಿತು. ಮುಂದೆ ಹೈದರಾಬಾದ್ ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದ ಅವರ ಈ ಮಾದರಿ, ಗಡಿಯ ಈಚೆಗಿರುವ ಕನ್ನಡ ಮಾತಾಡುವ ಹಳ್ಳಿಗಳ ಅಧ್ಯಯನಕ್ಕೂ ಮಾರ್ಗದರ್ಶಿಯಾಗಬಲ್ಲುದು.

5. ಎರಡು ಹೋಲಿಕೆಗಳು

ಹೊಸ ಸಾಧನಗಳ ಅನುಭವವನ್ನು ಪಕ್ಕದಲ್ಲಿಟ್ಟು ನೋಡಿದರೆ ಕೂರಿಗೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಕಬ್ಬಿಣದಿಂದ ಮಣ್ಣು ಕೆಡುತ್ತದೆಂಬ ಶಂಕೆಯಿಂದ ರೈತರು ಮೊದಮೊದಲು ಆ ನೇಗಿಲನ್ನು ಕೊಳ್ಳಲು ಹಿಂಜರಿದರು. ಕ್ರಮೇಣ ಅದು ಒಪ್ಪಿತವಾಯಿತು.

ಎರಡನೆಯ ನಿದರ್ಶನ ಹೈದರಾಬಾದಿನ ಹತ್ತಿರದ್ದೇ. ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಎರೆಭೂಮಿಗಾಗಿ ಎತ್ತುಗಳು ಎಳೆಯುವ ಚಕ್ರದ ಸಾಧನವಾಹಕವನ್ನು ಪ್ರಯೋಗಿಸಿತು. ಉಳುವುದು, ಬಿತ್ತುವುದು, ಎಡೆ ಹೊಡೆಯುವುದು ಎಲ್ಲವನ್ನೂ ಒಂದೇ ಚೌಕಟ್ಟಿನಿಂದ ಮಾಡಬಹುದಾಗಿತ್ತು. ಆದರೆ ಅದರ ಬೆಲೆ ಸಣ್ಣ ರೈತನಿಗೆ ಎಟುಕಲಿಲ್ಲ. ಇಂತಹ ವಾಹನಗಳ ಜಾಗತಿಕ ಅನುಭವವನ್ನು 1988ರಲ್ಲಿ ಸಮೀಕ್ಷಿಸಿದ ಪಾಲ್ ಸ್ಟಾರ್ಕಿ ಅವರ ತೀರ್ಮಾನವೂ, ಯಂತ್ರ ಪರಿಪೂರ್ಣವಾದರೂ ರೈತರು ಅದನ್ನು ನಿರಾಕರಿಸಿದರೆಂಬುದೇ. ಊರಿನ ಬಡಗಿ ದುರಸ್ತಿ ಮಾಡಬಲ್ಲ ಕೂರಿಗೆ ಮಾತ್ರ ಉಳಿದುಬಂದಿತು.

6. ಇಂದಿನ ಪ್ರಶ್ನೆ

ಆ ಕೂರಿಗೆಯೂ ಈಗ ಹಿಂದೆ ಸರಿಯುತ್ತಿದೆ. ಎತ್ತುಗಳ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿದೆ. ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಯಂತ್ರಗಳು ಬಳಕೆಯಲ್ಲಿವೆ. ಇಂತಹ ಯಂತ್ರಗಳನ್ನು ರೂಪಿಸಿದವರಲ್ಲಿ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಪ್ರಮುಖರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಗ್ರಾಮೀಣ ಶೋಧಕರಿಗೆ ಪೇಟೆಂಟ್ ಪಡೆಯಲು ನೆರವಾಗುವ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನ 2000ದಲ್ಲಿ ಆರಂಭವಾಯಿತು. ಹೆಸರಿಲ್ಲದ ಶೋಧಕನ ಪರಂಪರೆಗೆ ಹೀಗೆ ಕೊನೆಗೂ ಹೆಸರು ದೊರೆಯುತ್ತಿರುವುದು ಸಂತೋಷದ ಸಂಗತಿ.

ಆದರೆ ಸಾಮೂಹಿಕ ಶೋಧದ ಮಾತೇನು? 1970ರ ಪೇಟೆಂಟ್ ಅಧಿನಿಯಮಕ್ಕೆ 2002ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಪಾರಂಪರಿಕ ಜ್ಞಾನಕ್ಕೆ ಅಥವಾ ಅದರ ಜೋಡಣೆಗೆ ಪೇಟೆಂಟ್ ಸಲ್ಲದು. ಆದರೆ ಯಾವುದು ಪಾರಂಪರಿಕವೆಂದು ತೋರಿಸಲು ಸಾಕ್ಷ್ಯ ಬೇಕು. ಅದಕ್ಕಾಗಿ 2001ರಲ್ಲಿ ಆರಂಭವಾದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮುಖ್ಯವಾಗಿ ವೈದ್ಯ ಮತ್ತು ಯೋಗಗಳಿಗೆ ಸಂಬಂಧಿಸಿದ್ದು. ಬಟ್ಟಲಿನ ಕೊರೆತ, ತಾಳುಗಳ ಅಂತರ, ಅಕ್ಕಡಿಯ ಕೊಳವೆ, ಇವುಗಳ ವಿವರ ಬಲ್ಲ ಬಡಗಿಗಳೂ ಬಿತ್ತುವ ಕೈಗಳೂ ವಿರಳವಾಗುತ್ತಿರುವ ಕಾಲವಿದು. ಸಾಧನ ಅಟ್ಟ ಸೇರಿದರೂ ಒಂದು ತಲೆಮಾರು ಉಳಿಯಬಹುದು. ಅದರ ಅಂಗಾಂಗಗಳ ಹೆಸರುಗಳು ಅಷ್ಟು ಕಾಲವೂ ಉಳಿಯುವುದಿಲ್ಲ.

ಆದುದರಿಂದ ವೃತ್ತಿಪದಗಳ ಸಂಗ್ರಹವನ್ನು ಕೇವಲ ಕೋಶರಚನೆಯ ಕಾರ್ಯವೆಂದು ಭಾವಿಸಬಾರದು. ಪ್ರತಿಯೊಂದು ಪದದೊಡನೆ ಸಾಧನದ ಅಳತೆ, ಚಿತ್ರ, ಊರು, ಬಳಸುವ ಬೆಳೆ ಇವನ್ನೂ ದಾಖಲಿಸಿದರೆ, ಭಾಷಾವಿಜ್ಞಾನಿಗೆ ಅದು ಪದಕೋಶವಾಗುತ್ತದೆ, ಚರಿತ್ರಕಾರನಿಗೆ ಆಕರವಾಗುತ್ತದೆ, ಕಾನೂನಿಗೆ ಸಾಕ್ಷ್ಯವಾಗುತ್ತದೆ. ಕನ್ನಡ, ತೆಲುಗು, ಮರಾಠಿಗಳ ಗಡಿಯಲ್ಲಿ ಕೆಲಸ ಮಾಡುವ ಸಂಶೋಧಕರು ಕೂಡಿ ಕೈಗೊಳ್ಳಬೇಕಾದ ಕಾರ್ಯವಿದು.