ಜಾಗ್ವಾರ್ ನಿಲ್ಲಲು ಕಲಿತ ಕಥೆ

1949ರ ಮೇ ತಿಂಗಳಲ್ಲಿ ಬೆಲ್ಜಿಯಂನ ಯಾಬೆಕೆ ಬಳಿಯ ನೇರ ಹೆದ್ದಾರಿಯಲ್ಲಿ ಜಾಗ್ವಾರ್ ಎಕ್ಸ್‌ಕೆ 120 ಗಂಟೆಗೆ 213 ಕಿಲೋಮೀಟರ್ ವೇಗ ಮುಟ್ಟಿತು. ನೋಡಲು ಬಂದಿದ್ದ ಪತ್ರಕರ್ತರು ಬೆರಗಾದರು. ಹಿಂದಿನ ವರ್ಷವಷ್ಟೇ ಲಂಡನ್ನಿನ ಮೋಟಾರು ಮೇಳದಲ್ಲಿ ಮೊದಲು ಕಾಣಿಸಿಕೊಂಡ ಕಾರದು. 3.4 ಲೀಟರಿನ ಆರು ಸಿಲಿಂಡರ್ ಎಂಜಿನ್, 160 ಅಶ್ವಶಕ್ತಿ. ಓಟದಲ್ಲಿ ಅದರ ಸಮಕ್ಕೆ ಬರುವ ಕಾರುಗಳು ಆಗ ಬೆರಳೆಣಿಕೆಯಷ್ಟು. ಬ್ರೇಕ್ ವಿಚಾರಕ್ಕೆ ಬಂದರೆ ಮಾತ್ರ ಊರೊಳಗೆ ಓಡಾಡುವ ಕಾರುಗಳಂತೆ ಅದಕ್ಕೂ ನಾಲ್ಕು ಗಾಲಿಗೆ ನಾಲ್ಕು ಡ್ರಮ್ ಬ್ರೇಕ್!

1,300 ಕಿಲೋ ತೂಕದ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿರುವಾಗ ಬ್ರೇಕ್ ಒತ್ತಿದರೆ ಹುಟ್ಟುವ ಶಾಖದಲ್ಲಿ ನಾಲ್ಕು ಲೀಟರ್ ತಣ್ಣೀರು ಕುದಿಬರುತ್ತದೆ. ಅಷ್ಟೂ ಶಾಖ ಕೆಲವೇ ಸೆಕೆಂಡುಗಳಲ್ಲಿ ಡ್ರಮ್ಮಿನೊಳಗೆ ತುಂಬಿಕೊಳ್ಳಬೇಕು. ಕಾದ ಡ್ರಮ್ ಹಿಗ್ಗಿ, ಒಳಗಿನಿಂದ ಅದನ್ನು ಒತ್ತುವ ಬ್ರೇಕ್ ಶೂನಿಂದ ದೂರ ಸರಿಯುತ್ತದೆ, ಶೂ ಮೇಲಿನ ಲೈನಿಂಗಿನ ಹಿಡಿತ ಸಡಿಲುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಎಕ್ಸ್‌ಕೆ 120ರ ಹಿಂದಿನ ಗಾಲಿಗಳನ್ನು ಅಂದಕ್ಕೆಂದು ತಗಡಿನಿಂದ ಮುಚ್ಚಿದ್ದರಿಂದ ಗಾಳಿಯಾಡಲೂ ಜಾಗ ಕಡಿಮೆ. ಇಳಿಜಾರಿನಲ್ಲಿ ಮೂರು ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದವರಿಗೆ ಐದನೆಯ ಸಲ ಎದೆ ಝಲ್ಲೆನ್ನುತ್ತಿತ್ತು.

ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ನಾರ್ಮನ್ ಡ್ಯೂಯಿಸ್. 1920ರಲ್ಲಿ ಕಾವೆಂಟ್ರಿಯಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಬ್ಲೆನ್‌ಹೈಮ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದರು. 1952ರಲ್ಲಿ ಜಾಗ್ವಾರ್ ಕಂಪನಿಯ ಮುಖ್ಯ ಪರೀಕ್ಷಾ ಚಾಲಕರಾಗಿ ಸೇರಿ, 1985ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ದುಡಿದರು. ಅಲ್ಲಿ ಅವರಿಗೆ ಮೊದಮೊದಲು ಬಂದ ದೊಡ್ಡ ಕೆಲಸವೆಂದರೆ ಡನ್‌ಲಪ್‌ನವರ ಡಿಸ್ಕ್ ಬ್ರೇಕನ್ನು, ಅಂದರೆ ಗಾಲಿಯೊಂದಿಗೆ ತಿರುಗುವ, ಗಾಳಿಗೆ ತೆರೆದ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಹಿಡಿಯುವ ಬ್ರೇಕನ್ನು, ಕಾರಿಗೆ ಒಗ್ಗಿಸುವುದು. ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರು. ಡನ್‌ಲಪ್ ಅದನ್ನು ವಿಮಾನದ ಗಾಲಿಗಳಲ್ಲಿ ಪಳಗಿಸಿತ್ತು. ಆದರೆ ವಿಮಾನ ಒಮ್ಮೆ ಇಳಿದು ನಿಂತರೆ ಬ್ರೇಕಿನ ಕೆಲಸ ಮುಗಿಯಿತು. ರೇಸಿನ ಕಾರಿಗೆ ಸುತ್ತು ಸುತ್ತಿಗೂ ಬ್ರೇಕ್ ಬೇಕು.

ಡನ್‌ಲಪ್‌ನ ಎಂಜಿನಿಯರ್ ಹೆರಾಲ್ಡ್ ಹಾಡ್ಕಿನ್‌ಸನ್ ಜೊತೆ ಡ್ಯೂಯಿಸ್ ದಿನವಿಡೀ ಒಂದೇ ಕೆಲಸ ಮಾಡುತ್ತಿದ್ದರು: ವೇಗ ಏರಿಸು, ಬ್ರೇಕ್ ಒತ್ತು, ಇಳಿದು ನೋಡು. ಬ್ರೇಕ್ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿಕೊಳ್ಳುತ್ತಿತ್ತು. ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಪೆಡಲ್ ಕಾಲಡಿಯ ಹಲಗೆಗೇ ಅಂಟಿಕೊಳ್ಳುತ್ತಿತ್ತು. ಗಾಲಿ ತುಸು ಅದುರಿದರೂ ಡಿಸ್ಕ್ ತನ್ನ ಇಬ್ಬದಿಯ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತಿತ್ತು. ಆಮೇಲೆ ಬ್ರೇಕ್ ಹಿಡಿಯಬೇಕೆಂದರೆ ಪೆಡಲನ್ನು ಎರಡೆರಡು ಸಲ ತುಳಿಯಬೇಕು. ಅಂಥ ಕಾರನ್ನು ಇಂದು ಸರಿಹೋದೀತು, ನಾಳೆ ಸರಿಹೋದೀತು ಎಂದು ಮತ್ತೆ ಮತ್ತೆ ಅದೇ ವೇಗಕ್ಕೆ ಒಯ್ಯುವುದಕ್ಕೆ ಬೇಕಾದ ಧೈರ್ಯ ರೇಸು ಗೆಲ್ಲುವವರ ಧೈರ್ಯಕ್ಕಿಂತ ಒಂದು ಕೈ ಹೆಚ್ಚಿನದೇ.

1952ರ ಮೇನಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ರೇಸ್ ಕಾರನ್ನು ಸ್ಟರ್ಲಿಂಗ್ ಮಾಸ್ ಓಡಿಸಿದರೆ ಪಕ್ಕದ ಸೀಟಿನಲ್ಲಿ ಕುಳಿತವರು ಡ್ಯೂಯಿಸ್. ಸ್ಟಿಯರಿಂಗ್ ಕೆಟ್ಟು ಕಾರು ಅರ್ಧದಲ್ಲೇ ನಿಂತಿತು. ಮುಂದಿನ ತಿಂಗಳು ಫ್ರಾನ್ಸಿನ ರೀಮ್ಸ್‌ನಲ್ಲಿ ಅಂಥದೇ ಕಾರಿನಲ್ಲಿ ಮಾಸ್ ಗೆದ್ದರು. ಡಿಸ್ಕ್ ಬ್ರೇಕಿನ ಬಲ ಜಗತ್ತಿಗೆ ಮನವರಿಕೆಯಾದದ್ದು ಫ್ರಾನ್ಸಿನದೇ ಆದ ಲೆ ಮಾನ್ ರೇಸಿನಲ್ಲಿ, 1953ರಲ್ಲಿ. ಆರು ಕಿಲೋಮೀಟರಿನಷ್ಟು ನೇರ ರಸ್ತೆಯ ಕೊನೆಗೆ ಅಲ್ಲೊಂದು ಬಿಗಿ ತಿರುವು. ಉಳಿದವರು ಬ್ರೇಕ್ ಹಿಡಿಯುವ ಜಾಗ ದಾಟಿಯೂ ಜಾಗ್ವಾರ್‌ಗಳು ವೇಗ ಇಳಿಸದೆ ನುಗ್ಗುತ್ತಿದ್ದವು. ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ 24 ಗಂಟೆಗಳ ಆ ರೇಸನ್ನು ಗಂಟೆಗೆ ಸರಾಸರಿ 170 ಕಿಲೋಮೀಟರ್ ವೇಗದಲ್ಲಿ ಗೆದ್ದರು. ಜಾಗ್ವಾರ್‌ಗೆ ಎರಡನೆಯ ಸ್ಥಾನ, ನಾಲ್ಕನೆಯ ಸ್ಥಾನವೂ ಸಿಕ್ಕಿತು. 1955ರಲ್ಲಿ ಡ್ರಮ್ ಬ್ರೇಕನ್ನೇ ನೆಚ್ಚಿದ್ದ ಮರ್ಸಿಡಿಸ್, ಚಾಲಕನ ಬೆನ್ನ ಹಿಂದೆ ಗಾಳಿಗೆ ಅಡ್ಡವಾಗಿ ಎದ್ದು ನಿಲ್ಲುವ ದೊಡ್ಡ ರೆಕ್ಕೆಯನ್ನೇ ಬ್ರೇಕಾಗಿ ಜೋಡಿಸಿಕೊಂಡು ಲೆ ಮಾನ್‌ಗೆ ಬಂತು.

ಡ್ಯೂಯಿಸ್ ಅವರ ಬಗ್ಗೆ ಹೇಳುವುದು ಇನ್ನೂ ಇದೆ. 1961ರಲ್ಲಿ ಜಿನೀವಾದಲ್ಲಿ ಜಾಗ್ವಾರ್ ಇ-ಟೈಪ್ ಬಿಡುಗಡೆಯ ಹೊತ್ತಿಗೆ ಇನ್ನೊಂದು ಕಾರು ಬೇಕೆಂದು ಕರೆ ಬಂದಾಗ, ಕಾವೆಂಟ್ರಿಯಿಂದ ಅಲ್ಲಿಗೆ ಒಂದೇ ರಾತ್ರಿಯಲ್ಲಿ ಓಡಿಸಿಕೊಂಡು ಹೋಗಿ ಮುಟ್ಟಿಸಿದವರು ಅವರು. 1971ರಲ್ಲಿ ತಾವು ಓಡಿಸುತ್ತಿದ್ದ ಎಕ್ಸ್‌ಜೆ 13 ಕಾರು ಪಲ್ಟಿ ಹೊಡೆದಾಗ ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ ಜೀವ ಉಳಿಸಿಕೊಂಡರು. 2019ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟಾದರೂ ಎಕ್ಸ್‌ಕೆ 120ಕ್ಕೆ ಡಿಸ್ಕಿನ ಮದ್ದು ಸಿಗಲೇ ಇಲ್ಲ. 1954ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದಕ್ಕೆ ಡ್ರಮ್ಮೇ. ಅದರ ತಮ್ಮ ಎಕ್ಸ್‌ಕೆ 140ಕ್ಕೂ ಡ್ರಮ್ಮೇ. ಜಾಗ್ವಾರ್‌ನ ರಸ್ತೆ ಕಾರಿಗೆ ಡಿಸ್ಕ್ ಬಂದದ್ದು 1957ರ ಎಕ್ಸ್‌ಕೆ 150ರಲ್ಲಿ. ಹೀಗೆ ಹಳೆಯ ಬ್ರೇಕಿನೊಂದಿಗೇ ಉಳಿದ 12,000ದಷ್ಟು ಎಕ್ಸ್‌ಕೆ 120ಗಳಿಗೆ ಡಿಸ್ಕ್ ಕೂರಿಸುವ ಕಸುಬು ಇಂಗ್ಲೆಂಡಿನ ಸಣ್ಣ ವರ್ಕ್‌ಶಾಪುಗಳಲ್ಲಿ ಬೆಳೆದಿದೆ.

ಬಲ್ಲ ಮೆಕ್ಯಾನಿಕ್ ಮೊದಲು ಡಿಸ್ಕಿಗೆ ಕೈ ಹಾಕುವುದಿಲ್ಲ. ಇರುವ ಬ್ರೇಕನ್ನೇ ಬಿಚ್ಚಿ ನೋಡುತ್ತಾನೆ. ಬಿರುಕುಬಿಟ್ಟ ರಬ್ಬರ್ ಹೋಸ್, ತುಕ್ಕು ಹಿಡಿದ ಸಿಲಿಂಡರ್, ಹೊಳಪುಗಟ್ಟಿದ ಲೈನಿಂಗ್ ಬದಲಿಸಿ ಡ್ರಮ್ಮನ್ನು ಲೇತಿನಲ್ಲಿ ಹೆರೆದರೆ ಅರ್ಧ ದೂರು ಅಲ್ಲೇ ತೀರುತ್ತದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವುದರಿಂದ ಆ ದೂಳನ್ನು ಗಾಳಿ ಹೊಡೆದು ಹಾರಿಸುವಂತಿಲ್ಲ. ಇಷ್ಟರ ಮೇಲೂ ಮಾಲೀಕನಿಗೆ ಡಿಸ್ಕ್ ಬೇಕೆಂದರೆ ಮುಂದಿನ ಗಾಲಿಗಳ ಸ್ಟಬ್ ಆಕ್ಸಲ್‌ಗೆ ಬ್ರಾಕೆಟ್ ಬಿಗಿದು, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಕೂರಿಸುತ್ತಾರೆ. ತಂತಿ ಗಾಲಿಯ ಕಡ್ಡಿಗೆ ಅದು ತಾಗಬಾರದು.

ತೊಂದರೆ ಅಡಗಿರುವುದು ಪೆಡಲಿನ ಒತ್ತನ್ನು ಪೈಪಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಕಡೆ. ಡ್ರಮ್ಮಿಗಾಗಿ ಇಟ್ಟ ಪುಟ್ಟ ವಾಲ್ವ್ ಪೈಪಿನಲ್ಲಿ ಸದಾ ಒಂದಿಷ್ಟು ಒತ್ತಡ ಉಳಿಸಿರುತ್ತದೆ. ಅದನ್ನು ತೆಗೆಯದೆ ಹೋದರೆ ಪ್ಯಾಡುಗಳು ಡಿಸ್ಕನ್ನು ಬಿಡದೆ ಉಜ್ಜುತ್ತಾ ಕಾಯುತ್ತವೆ. ಡ್ರಮ್ಮಿನ ಶೂ ಗಾಲಿ ತಿರುಗುವ ಬಲದಿಂದಲೇ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಹಾಗಾಗಿ ಕಾಲಿನ ಶ್ರಮ ಇಳಿಸಲು ಸರ್ವೋ ಬೇಕಾಗುತ್ತದೆ. ಹಿಂದಿನ ಗಾಲಿ ಮುಂದಿನದಕ್ಕಿಂತ ಮೊದಲು ತಿರುಗದೆ ಬಿಗಿದುಕೊಂಡರೆ ಕಾರು ಗಿರಕಿ ಹೊಡೆಯುತ್ತದೆ. ಆ ಹೊಂದಾಣಿಕೆ ಮಾಡುವುದರಲ್ಲೇ ಕೈಚಳಕ ಇರುವುದು. ಹಳೆಯ ಕಾರುಗಳಲ್ಲಿ ಹಲವಕ್ಕೆ ನಾಲ್ಕೂ ಗಾಲಿಗೆ ಒಂದೇ ಪೈಪ್ ಜಾಲ, ಒಂದು ಹೋಸ್ ಒಡೆದರೆ ಬ್ರೇಕೇ ಇಲ್ಲ. ಅದನ್ನು ಎರಡಾಗಿ ಬೇರ್ಪಡಿಸುವುದು ಡಿಸ್ಕ್ ಹಾಕಿಸುವುದಕ್ಕಿಂತ ಮುಖ್ಯವೆಂದರೂ ಸರಿಯೇ.

ಮೂಲ ರೂಪ ಕೆಡಬಾರದೆನ್ನುವವರ ಕಳಕಳಿ ಸುಳ್ಳಲ್ಲ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟದ ಟ್ಯೂರಿನ್ ಸನ್ನದು ಕೂಡ, ಮಾಡಿದ ಬದಲಾವಣೆ ಮತ್ತೆ ಹಿಂದಿನಂತಾಗಿಸುವಂತಿರಲಿ ಎನ್ನುತ್ತದೆ. ಕೊರೆಯದೆ, ಬೆಸುಗೆ ಹಾಕದೆ, ಬರೀ ಬೋಲ್ಟಿನಿಂದ ಬಿಗಿದ ಡಿಸ್ಕ್ ಈ ಮಾತಿಗೆ ಹೊಂದುತ್ತದೆ. ತೆಗೆದ ಡ್ರಮ್ಮು, ಶೂಗಳನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟರಾಯಿತು. ಆದರೆ ಹಳೆಯ ಶೂಗಳಿಗೆ ಲೈನಿಂಗ್ ಅಂಟಿಸಿ, ಡ್ರಮ್ಮಿನ ಬಾಗಿಗೆ ತಕ್ಕಂತೆ ಅರೆದು ಕೊಡಬಲ್ಲವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿದ್ದಾರೆ. ಎಲ್ಲರೂ ಡಿಸ್ಕಿನ ಹಿಂದೆ ಬಿದ್ದರೆ ಆ ವಿದ್ಯೆ ಕೈತಪ್ಪುತ್ತದೆ.

2008ರಿಂದ ಜಾಗ್ವಾರ್ ಟಾಟಾ ಒಡೆತನದಲ್ಲಿದೆ. ನಮ್ಮಲ್ಲಿ ಎಕ್ಸ್‌ಕೆ 120 ಅಪರೂಪವಾದರೂ, ನಾಲ್ಕೂ ಗಾಲಿಗೆ ಡ್ರಮ್ ಇರುವ ಹಳೆಯ ಅಂಬಾಸಿಡರ್, ಪದ್ಮಿನಿಗಳನ್ನು ಜೋಪಾನ ಮಾಡಿಕೊಂಡವರು ಬೇಕಷ್ಟಿದ್ದಾರೆ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಅವರಿಗೂ ಅದೇ ಶಾಖದ ಕಾಟ. ಅದರ ಜೊತೆಗೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ 230 ಡಿಗ್ರಿಯವರೆಗೂ ಕುದಿಯದ ಡಾಟ್ 4 ದರ್ಜೆಯ ಆಯಿಲ್, ತೇವ ಹೀರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಡಿಸ್ಕ್ ಹಾಕಿಸುವ ಯೋಚನೆ ಆಮೇಲೆ ಮಾಡಬಹುದು. ಕಳೆದೆರಡು ವರ್ಷಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿರದಿದ್ದರೆ ಮುಂದಿನ ಘಾಟಿ ಇಳಿಯುವ ಮುನ್ನ ಬದಲಿಸಿಬಿಡಿ.