ಪ್ರತಿವಾದಿಯ ಪರ ನಿಲ್ಲುವವರು

ಸಂಡೂರಿನ ಹೊಲವೊಂದರ ಮೇಲೆ ದಾವೆ ಬಿದ್ದರೆ, ಪ್ರತಿವಾದಿ ಪರ ವಕೀಲರು ಮೊದಲು ಹುಡುಕಬೇಕಾದದ್ದು ಆ ಹೊಲದ ಹಳೆಯ ಕಾಗದ ಯಾವ ಆಡಳಿತದ್ದು ಎಂಬುದನ್ನು. 1949ರವರೆಗೆ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಆಮೇಲೆ ಮದ್ರಾಸ್ ರಾಜ್ಯ, 1953ರ ಅಕ್ಟೋಬರ್ 1ರಿಂದ ಮೈಸೂರು. ಹೊಸಪೇಟೆ, ಕಂಪ್ಲಿಗಳು ಮಾತ್ರ 1800ರಿಂದಲೇ ಕಂಪನಿ ಆಡಳಿತಕ್ಕೆ ಸೇರಿ, ಮದ್ರಾಸಿನ ಕಂದಾಯ ಪದ್ಧತಿಯಲ್ಲಿ ಬೆಳೆದ ಊರುಗಳು. ಸಂಡೂರು ಪ್ರದೇಶದ ಇನಾಮು ಜಮೀನುಗಳಿಗೆಂದೇ 1976ರಲ್ಲಿ ಬೇರೆ ರದ್ದತಿ ಕಾಯ್ದೆ ಮಾಡಬೇಕಾಯಿತು. ಮೇಲ್ಮನವಿಯ ದಾರಿಯೂ ಹೀಗೇ ತಿರುಗಿದೆ: ಬಳ್ಳಾರಿ ಜಿಲ್ಲೆಯವರಿಗೆ ಮೊದಲು ಮದ್ರಾಸ್ ಹೈಕೋರ್ಟ್, ಬಳಿಕ ಬೆಂಗಳೂರು, 2008ರಿಂದ ಧಾರವಾಡ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿ ರೈತರ ಹಳೆಯ ಕ್ರಯಪತ್ರಗಳಲ್ಲಿ ಇರುವುದು ಹೊಸಪೇಟೆ ತಾಲ್ಲೂಕಿನ ಹೆಸರು.

ಈ ಚರಿತ್ರೆಯನ್ನು ಯಾವ ಕಾನೂನು ಕಾಲೇಜೂ ಕಲಿಸುವುದಿಲ್ಲ. ಮೂರು ಅಥವಾ ಐದು ವರ್ಷದ ಎಲ್‌ಎಲ್‌ಬಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ – ಸನ್ನದು ಸಿಗಲು ಇಷ್ಟು ಸಾಕು. ನಿಜವಾದ ಕಲಿಕೆ ಸೀನಿಯರ್ ಆಫೀಸಿನಲ್ಲಿ. ಜೂನಿಯರ್ ಆದವರು ಡೈರಿ ಬರೆಯಬೇಕು, ತಾರೀಖು ತರಬೇಕು, ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರಕ್ಕೆ ಕಾಯಬೇಕು. ಪಹಣಿಯ ಹನ್ನೆರಡನೇ ಕಾಲಂ ಓದುವುದು, ದಾವಾಪತ್ರದ ಚಕ್ಕುಬಂದಿಯನ್ನು ನೆಲಕ್ಕೆ ತಾಳೆ ನೋಡುವುದು ಇಂಥ ಓಡಾಟದಲ್ಲೇ ಬರುತ್ತದೆ. ಆ ವರ್ಷಗಳಲ್ಲಿ ಕೈಗೆ ಸಿಗುವ ದುಡ್ಡು ತೀರ ಕಡಿಮೆ. ಆಸ್ತಿಯಿಲ್ಲದ ಮನೆಯ ಎಷ್ಟೋ ಜಾಣ ಹುಡುಗ ಹುಡುಗಿಯರು ಇದೇ ಕಾರಣಕ್ಕೆ ಕಪ್ಪು ಕೋಟು ಕಳಚಿಡುತ್ತಾರೆ. ಇದು ದೊಡ್ಡ ನಷ್ಟ ಎಂದೇ ನನ್ನ ಭಾವನೆ.

ಬಳ್ಳಾರಿ ಸೀಮೆಯ ವಕೀಲಿಕೆಗೂ ಮಾತಿಗೂ ಹಳೆಯ ನಂಟು. ರಂಗಭೂಮಿಯ ದೈತ್ಯ ಬಳ್ಳಾರಿ ರಾಘವ (1880–1946) ವೃತ್ತಿಯಲ್ಲಿ ವಕೀಲರು. ಆದರೆ ಸಿವಿಲ್ ಪ್ರತಿವಾದದಲ್ಲಿ ಮಾತಿಗಿಂತ ಬರಹಕ್ಕೇ ತೂಕ. ಸಮನ್ಸ್ ಜಾರಿಯಾದ 30 ದಿನದೊಳಗೆ, ಕಾರಣವಿದ್ದರೆ 90 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಬೇಕು. ಅದಕ್ಕೂ ತಡವಾದರೆ ಸಾಮಾನ್ಯ ದಾವೆಗಳಲ್ಲಿ ಅಪರೂಪಕ್ಕೆ ರಿಯಾಯಿತಿ ಉಂಟು. ಆದರೆ ಅದಿರು ವ್ಯವಹಾರದ ಕರಾರಿನಂಥ ವಾಣಿಜ್ಯ ದಾವೆಗಳಲ್ಲಿ 120 ದಿನ ಮುಗಿದರೆ ಬಾಗಿಲು ಮುಚ್ಚಿದಂತೆಯೇ.

ಬರೆಯುವುದು ಹೇಗೆ ಎಂಬುದರಲ್ಲಿ ಅನುಭವಸ್ಥರ ಕೈ ಗೊತ್ತಾಗುತ್ತದೆ. ‘ದಾವೆಯ ಅಂಶಗಳೆಲ್ಲ ಸುಳ್ಳು’ ಎಂದು ಒಂದೇ ಸಾಲಿನಲ್ಲಿ ಗೀಚಿದರೆ ನಡೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ ಪ್ರಕಾರ ಒಂದೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ ಅಲ್ಲಗಳೆಯಬೇಕು. ಅಲ್ಲಗಳೆಯದೆ ಬಿಟ್ಟದ್ದನ್ನು ಒಪ್ಪಿದಂತೆ ಎಂದು ನ್ಯಾಯಾಲಯ ತೆಗೆದುಕೊಳ್ಳಬಹುದು. ಐವತ್ತು ಸಾವಿರ ಸಾಲ ಪಡೆದಿದ್ದಾನೆ ಎಂದು ವಾದಿ ಹೇಳಿದರೆ, ‘ಐವತ್ತು ಸಾವಿರ ಪಡೆದಿಲ್ಲ’ ಎಂಬ ಉತ್ತರ ನುಣುಚಿಕೊಂಡ ಉತ್ತರ. ಆ ಮೊತ್ತವನ್ನಾಗಲಿ ಅದರ ಯಾವ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು, ಇಲ್ಲವೇ ಪಡೆದದ್ದೆಷ್ಟು ಎಂದು ಹೇಳಬೇಕು. ಮುಂದೆ ಪಾಟೀಸವಾಲಿನಲ್ಲಿ ಎಷ್ಟು ಚುರುಕಾಗಿದ್ದರೂ ಇಲ್ಲಿ ಬಿಟ್ಟ ಸಂದನ್ನು ಮುಚ್ಚುವುದು ಕಷ್ಟ.

ಕಕ್ಷಿದಾರನಿಗೆ ಹಿತವಲ್ಲದ್ದನ್ನು ಹೇಳುವುದೂ ಈ ವೃತ್ತಿಯ ಭಾಗ. ಕಂಪ್ಲಿಯಂಥ ನೀರಾವರಿ ಸೀಮೆಯಲ್ಲಿ ಗದ್ದೆ, ಬಾಳೆತೋಟಕ್ಕೆ ಬೆಲೆ ಹೆಚ್ಚು. ಅಕ್ಕತಂಗಿಯರು ಪಾಲು ಕೇಳಿ ದಾವೆ ಹೂಡಿದಾಗ, ‘ಬಾಯಿಮಾತಿನಲ್ಲೇ ಹಿಂದೆ ಪಾಲಾಗಿದೆ ಸಾಹೇಬ್ರೆ’ ಎನ್ನುವ ಅಣ್ಣತಮ್ಮಂದಿರಿದ್ದಾರೆ. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ವಾದಕ್ಕೆ ಹಿಂದಿನ ಬಲವಿಲ್ಲ. ಸಾರ್ವಜನಿಕ ದಾಖಲೆಯ ಗಟ್ಟಿ ಆಧಾರವಿದ್ದ ಅಪರೂಪದ ಪ್ರಕರಣಗಳಲ್ಲಷ್ಟೇ ಅದು ನಿಲ್ಲುತ್ತದೆ. 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ಪಾಲುಪಟ್ಟಿ ಇದ್ದರೆ ಹೋರಾಡಬಹುದು. ಇಲ್ಲದಿದ್ದರೆ, ರಾಜಿ ಮಾಡಿಕೊಂಡು ತಂಗಿಗೆ ಪಾಲು ಕೊಡಿ ಎಂದು ಮೊದಲ ದಿನವೇ ಹೇಳುವ ವಕೀಲರಿಗೆ ಫೀಸು ಕಡಿಮೆಯಾದೀತು, ಆ ಮನೆಗೆ ಮಾತ್ರ ಉಪಕಾರವಾಗುತ್ತದೆ.

ಹಂಪಿಯ ಪಾಠ ಬೇರೆ. ನದಿಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್ ಪ್ರಕರಣ ಸಿವಿಲ್ ದಾವೆಯಾಗಿರಲಿಲ್ಲ, ಆದರೂ ಇಲ್ಲಿನ ವಕೀಲರೆಲ್ಲ ಓದಬೇಕಾದದ್ದು. 1988ರ ಅಧಿಸೂಚನೆ ಸ್ಮಾರಕಗಳಿಗಷ್ಟೇ ಅನ್ವಯ, ಇಡೀ ಊರಿಗಲ್ಲ ಎಂಬ ಮಾಲೀಕರ ವಾದವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 11ರಂದು ಒಪ್ಪಲಿಲ್ಲ. ಮರುತಿಂಗಳು ಕಟ್ಟಡಗಳು ಉರುಳಿದವು. ಅಡಿಪಾಯ ಹಾಕುವ ಮುಂಚೆ ಅಧಿಸೂಚನೆ ಓದಿಸಿಕೊಂಡಿದ್ದರೆ ಎಷ್ಟೋ ದುಡ್ಡು ಉಳಿಯುತ್ತಿತ್ತು.

ಪ್ರತಿವಾದಿ ವಕೀಲರೆಂದರೆ ತಾರೀಖು ಮುಂದೂಡುವವರು ಎಂಬ ದೂರು ಹಳೆಯದು, ಅದರಲ್ಲಿ ಸತ್ಯವೂ ಇದೆ. ಆದರೆ ನನ್ನನ್ನು ಹೆಚ್ಚು ಕಾಡುವುದು ವಕೀಲರೇ ಇಲ್ಲದ ಪ್ರತಿವಾದಿ. ಕೋರ್ಟಿನ ಕಾಗದ ಬಂದದ್ದೇ ಅವಮಾನವೆಂದು ಬಚ್ಚಿಟ್ಟು, ಏಕಪಕ್ಷೀಯ ಡಿಕ್ರಿಯಾಗಿ ಅಮೀನರು ಬಂದಾಗ ಎಚ್ಚರಗೊಳ್ಳುವವರು ಹಳ್ಳಿಗಳಲ್ಲಿದ್ದಾರೆ. ಡಿಕ್ರಿಯಾದ 30 ದಿನದೊಳಗೆ, ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿಯ ವಿಷಯ ತಿಳಿದ 30 ದಿನದೊಳಗೆ, ಅದರ ರದ್ದತಿಗೆ ಅರ್ಜಿ ಹಾಕಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಡಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಅದಕ್ಕೆ ಅರ್ಜಿ ಕೊಡಬೇಕಾದದ್ದು ಸಮನ್ಸ್ ಕೈಗೆ ಬಂದ ವಾರದಲ್ಲೇ.